ಐದು ಸಾವಿರದ ಮುನ್ನೂರ ಎಪ್ಪತ್ತೊಂಬತ್ತು ರೂಪಾಯಿ

ಪತ್ರಿಕೆಗಳು ಪಕ್ಷಪಾತಿಗಳು ಎಂಬ ದೂರು ನಮ್ಮ ಸಂಘಗಳ ಪಡಸಾಲೆಯಲ್ಲಿ ಚಹದ ಜತೆಗೇ ಬರುತ್ತದೆ, ಚಹ ಮುಗಿದ ಮೇಲೂ ಮುಗಿಯುವುದಿಲ್ಲ. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದಾಗಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದ ಬಿಟ್ಟದ್ದನ್ನು ನಮ್ಮ ಹಿರಿಯರು ಇವತ್ತಿಗೂ ಚರ್ಚಿಸುತ್ತಾರೆ. ಪತ್ರಿಕೆಗಳು ಹೆಗಡೆಯವರನ್ನು ಮುಗಿಸಿದವು ಎಂದು ಒಬ್ಬರು. ಅಲ್ಲ, ಪತ್ರಿಕೆಗಳೇ ಅವರನ್ನು ಅಷ್ಟು ವರ್ಷ ಹೊತ್ತು ಮೆರೆಸಿದ್ದವು ಎಂದು ಇನ್ನೊಬ್ಬರು. 2011ರ ಜುಲೈಯಲ್ಲಿ ಲೋಕಾಯುಕ್ತರ ಗಣಿ ವರದಿ ಬಂದು ಯಡಿಯೂರಪ್ಪನವರು ಇಳಿದಾಗ ಇದೇ ವಾದ. 2024ರ ಆಗಸ್ಟಿನಲ್ಲಿ ಮೈಸೂರಿನ 14 ನಿವೇಶನಗಳ ಸಂಗತಿಯಲ್ಲಿ ಸಿದ್ಧರಾಮಯ್ಯನವರ ಮೇಲೆ ಕ್ರಮಕ್ಕೆ ರಾಜ್ಯಪಾಲರು ಅನುಮತಿ ಕೊಟ್ಟಾಗಲೂ ಇದೇ ವಾದ. ಸೋಜಿಗವೆಂದರೆ ಎರಡೂ ಬಣದವರು ಕೈಯಲ್ಲಿ ಹಿಡಿದಿದ್ದದ್ದು ಒಂದೇ ಪತ್ರಿಕೆಯ ಒಂದೇ ದಿನದ ಸಂಚಿಕೆ. ಒಬ್ಬರಿಗೆ ಅದರಲ್ಲಿ ಸುಳ್ಳು ಕೇಸು ಕಂಡಿತು, ಇನ್ನೊಬ್ಬರಿಗೆ ಮುಚ್ಚಿಹಾಕುವ ಹುನ್ನಾರ ಕಂಡಿತು.

ಮರಾಠಿ ನೆರೆಹೊರೆಯವರದೂ ಇದೇ ಕಥೆ. 1981ರ ಆಗಸ್ಟ್ 31ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅರುಣ್ ಶೌರಿಯವರು ಮುಖ್ಯಮಂತ್ರಿ ಅಂತುಳೆಯವರ ಟ್ರಸ್ಟುಗಳ ವ್ಯವಹಾರವನ್ನು ಬಯಲಿಗೆಳೆದರು. ಆಗ ಸಿಮೆಂಟು ಕೋಟಾದಲ್ಲಿ ಸಿಗುತ್ತಿದ್ದ ಕಾಲ. ಟ್ರಸ್ಟಿಗೆ ದೇಣಿಗೆ ಕೊಟ್ಟ ಕಟ್ಟಡದ ಗುತ್ತಿಗೆದಾರನಿಗೆ ಸಿಮೆಂಟು ದೊರೆಯುತ್ತಿತ್ತೆಂಬುದು ಆರೋಪ. 1982ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಅವರು ದೇಣಿಗೆಗೂ ಸಿಮೆಂಟಿಗೂ ಸಂಬಂಧವಿದೆಯೆಂದು ತೀರ್ಪಿತ್ತರು, ಅಂತುಳೆ ಹೋದರು. ಕೊಂಕಣದ ಹುಡುಗನೊಬ್ಬ ಮೇಲೆ ಬಂದದ್ದನ್ನು ಇಂಗ್ಲಿಷ್ ಪತ್ರಿಕೆಗಳು ಸಹಿಸಲಿಲ್ಲ ಎಂದು ಹೇಳುವವರು ರಾಯಗಡ ರತ್ನಾಗಿರಿ ಕಡೆ ಇಂದಿಗೂ ಇದ್ದಾರೆ. ಇರಬಹುದು. ಆದರೆ ಅಲ್ಲಿ ಬರೆದವನ ಹೆಸರು ಲೇಖನದ ಮೇಲಿತ್ತು, ಪತ್ರಿಕೆಯ ನಿಲುವು ಅಗ್ರಲೇಖನದಲ್ಲಿತ್ತು, ಹೇಳಿದ ಸಂಗತಿ ಕೋರ್ಟಿನ ಮೆಟ್ಟಿಲು ಹತ್ತಿತು. ಒಪ್ಪದವನು ಕಾಗದ ಬರೆಯಬಹುದಿತ್ತು, ಮಾನನಷ್ಟದ ದಾವೆ ಹೂಡಬಹುದಿತ್ತು. ಇಂಥ ಪಕ್ಷಪಾತವನ್ನು ನಾವು ಪಕ್ಷಪಾತವೆಂದು ಕರೆಯಲು ಸಿದ್ಧರಿಲ್ಲ. ಅದು ಅಭಿಪ್ರಾಯ. ಅಭಿಪ್ರಾಯವಿಲ್ಲದ ಪತ್ರಿಕೆ ರೈಲ್ವೆ ವೇಳಾಪಟ್ಟಿಯಾದೀತು. (ಪತ್ರಕರ್ತರನ್ನು ಅರಬ್ಬೀ ಸಮುದ್ರಕ್ಕೆ ಎಸೆಯಬೇಕೆಂದು ನಮ್ಮ ಗುಂಡೂರಾಯರು ಗುಡುಗಿದ ಮಾತು ಪ್ರಸಿದ್ಧವಾಗಿದೆ. ಸಮುದ್ರ ಬೆಂಗಳೂರಿಗಿಂತ ನಮಗೇ ಹತ್ತಿರ, ಆದರೂ ಆ ಸಲಹೆಗೆ ನಮ್ಮ ಒಪ್ಪಿಗೆಯಿಲ್ಲ.)

ನಾವು ದೂರುವುದು ಬೇರೆಯದನ್ನು. ಅದು ನಡೆದದ್ದು ಕರ್ನಾಟಕದಲ್ಲಲ್ಲ, ನಾವು ಅನ್ನ ತಿನ್ನುವ ಈ ಮಹಾರಾಷ್ಟ್ರದಲ್ಲಿ. ಬಂದು ಬಿದ್ದದ್ದು ನಮ್ಮ ಬಾಗಿಲಿಗೇ. ಅದರ ಬಗ್ಗೆ ನಮ್ಮ ಯಾವ ಪಡಸಾಲೆಯಲ್ಲಿಯೂ ಚಹ ಆರಿದ್ದನ್ನು ನಾವು ಕಂಡಿಲ್ಲ.

2009ರ ಅಕ್ಟೋಬರ್ 13ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನವಾಯಿತು. ಕ್ಷೇತ್ರಗಳ ಗಡಿ ಬದಲಾದ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ ಅದು. ಡೊಂಬಿವಲಿಗೆ ತನ್ನದೇ ಕ್ಷೇತ್ರ ಬಂತು. ಕಲ್ಯಾಣವು ಪೂರ್ವ, ಪಶ್ಚಿಮ, ಗ್ರಾಮೀಣ ಎಂದು ಮೂರಾಯಿತು. ಐರೋಲಿ ಹೊಸತು, ಠಾಣೆಯಲ್ಲಿ ಓವಳಾ-ಮಾಜಿವಾಡಾ ಹೊಸತು, ಕೋಪರಿ-ಪಾಚಪಾಖಾಡಿ ಹೊಸತು. ನಿನ್ನೆಯವರೆಗೆ ಒಂದು ಕ್ಷೇತ್ರದಲ್ಲಿದ್ದ ಮನೆ ಬೆಳಗಾಗುವುದರೊಳಗೆ ಇನ್ನೊಂದಕ್ಕೆ ಸೇರಿತ್ತು. ಅಭ್ಯರ್ಥಿಗಳು ಯಾರು, ಎಂಥವರು ಎಂದು ತಿಳಿಯಲು ಬೆಳಗಿನ ಗಾಡಿಯಲ್ಲಿ ನಿಂತು ಹೋಗುವವನಿಗೆ ಪತ್ರಿಕೆಯ ಹೊರತು ಬೇರೆ ದಾರಿ ಏನಿತ್ತು? ಸಭೆಗಳಿಗೆ ಹೋಗಲು ಪುರಸೊತ್ತಿಲ್ಲ; ಮನೆಗೆ ಮರಳುವ ಹೊತ್ತಿಗೆ ಸಭೆಯ ಕುರ್ಚಿಗಳನ್ನು ಮಡಿಸಿಟ್ಟಿರುತ್ತಾರೆ. ಲೋಕಲಿನಲ್ಲಿ ಒಬ್ಬರು ಕೊಂಡ ಪತ್ರಿಕೆಯನ್ನು ನಾಲ್ವರು ಪುಟ ಹಂಚಿಕೊಂಡು ಓದುವುದು ನಮ್ಮ ರೂಢಿ. ಹಾಗೆ ಓದಿ ನಾವು ಮತ ಹಾಕಿದೆವು.

ಆ ದಿನಗಳಲ್ಲಿ ಮುಖ್ಯಮಂತ್ರಿಯಾಗಿದ್ದವರು ಅಶೋಕ ಚವಾಣರು. ನಾಂದೇಡ ಜಿಲ್ಲೆಯ ಭೋಕರ ಅವರ ಕ್ಷೇತ್ರ. ಮತದಾನಕ್ಕೆ ಮುಂಚಿನ ವಾರಗಳಲ್ಲಿ ಮರಾಠಿಯ ದೊಡ್ಡ ದಿನಪತ್ರಿಕೆಗಳಲ್ಲಿ ಅವರ ಸಾಧನೆ, ಅವರ ದೂರದೃಷ್ಟಿ, ಅವರ ಮನೆತನ ಕುರಿತ ಪುಟಗಳು ಬಂದವು, ಬಹಳಷ್ಟು ಬಣ್ಣದಲ್ಲಿ. 'ಅಶೋಕ ಪರ್ವ' ಎಂಬ ಶೀರ್ಷಿಕೆಯೂ ಇತ್ತು. ಎಲ್ಲಿಯೂ 'ಜಾಹೀರಾತು' ಎಂಬ ಪದವಿರಲಿಲ್ಲ. ಅಂಥ ಪೂರ್ಣ ಪುಟಗಳನ್ನು ಪಿ. ಸಾಯಿನಾಥರು ಒಟ್ಟುಮಾಡಿದರು; 2009ರ ನವೆಂಬರ್ ಕೊನೆಗೆ ಅವು 47 ಆಗಿದ್ದವು. ಅವುಗಳ ಪೈಕಿ 'ತರುಣ, ಚುರುಕು ನೇತೃತ್ವ' ಎಂಬರ್ಥದ ತಲೆಬರಹದ ಒಂದು ಲೇಖನ ಲೋಕಮತ, ಮಹಾರಾಷ್ಟ್ರ ಟೈಮ್ಸ್, ಪುಢಾರಿ ಎಂಬ ಮೂರು ಪ್ರತಿಸ್ಪರ್ಧಿ ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ರೂಪದಲ್ಲಿ ಅಚ್ಚಾಗಿತ್ತು.

ವಿಜ್ಞಾನ ಓದಿದವರಿಗೆ ಪ್ರಯೋಗಶಾಲೆಯ ಒಂದು ಸಂಗತಿ ನೆನಪಿರುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಲೋಲಕವನ್ನು ತೂಗಿಸಿದರೂ ಅವರ ಅಳತೆಗಳಲ್ಲಿ ಅಷ್ಟಿಷ್ಟು ಅಂತರ ಬಂದೇ ಬರುತ್ತದೆ. ಮೂರನೆಯ ದಶಾಂಶದವರೆಗೂ ಎರಡು ಪುಸ್ತಕಗಳು ಒಂದೇ ಇದ್ದರೆ ಮೇಷ್ಟರು ಅದನ್ನು ನಿಸರ್ಗದ ನಿಯಮವೆಂದು ಮೆಚ್ಚುವುದಿಲ್ಲ. ಯಾರು ಯಾರದನ್ನು ಇಳಿಸಿಕೊಂಡರು ಎಂದು ಕೇಳುತ್ತಾರೆ. ಬೆಳಗಾದರೆ ಪ್ರಸಾರ ಸಂಖ್ಯೆಗಾಗಿ ಒಂದರ ಕತ್ತು ಇನ್ನೊಂದು ಹಿಸುಕುವ ಪತ್ರಿಕೆಗಳಿಗೆ ಒಬ್ಬ ರಾಜಕಾರಣಿಯ ವಿಷಯದಲ್ಲಿ ಮಾತ್ರ ಒಂದೇ ವಾಕ್ಯ, ಒಂದೇ ವಿಶೇಷಣ, ಒಂದೇ ಪೂರ್ಣವಿರಾಮ ಹೊಳೆಯಿತೆ?

ಇನ್ನು ಲೆಕ್ಕದ ಮಾತು. ಅಭ್ಯರ್ಥಿ ತನ್ನ ಚುನಾವಣಾ ವೆಚ್ಚವನ್ನು ಆಯೋಗಕ್ಕೆ ಒಪ್ಪಿಸಬೇಕು. ಆಗ ವಿಧಾನಸಭೆಯ ಅಭ್ಯರ್ಥಿಗೆ ಮಿತಿ 10 ಲಕ್ಷ ರೂಪಾಯಿ. ಚವಾಣರು ಒಪ್ಪಿಸಿದ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆ ತೋರಿಸಿದ ಮೊತ್ತ 5,379 ರೂಪಾಯಿ. ಕೇಬಲ್ ಟಿವಿಗೆ 6,000.

ನಾವು ಗುಮಾಸ್ತರು. ಇಪ್ಪತ್ತು ವರ್ಷಗಳಿಂದ ಬಿಲ್ಲು ನೋಡುವುದೇ ನಮ್ಮ ಕಸುಬು. ಪ್ರವಾಸಭತ್ಯೆಯ ಅರ್ಜಿಯೊಂದಿಗೆ ಬಸ್ಸಿನ ಟಿಕೇಟು ಇಲ್ಲವೆಂದು 40 ರೂಪಾಯಿಗೆ ಆಕ್ಷೇಪಣೆ ಎತ್ತಿ ಕಡತವನ್ನು ಹಿಂದಿರುಗಿಸಿದ್ದೇವೆ. ನಮ್ಮ ಸ್ವಂತ ಔಷಧದ ಬಿಲ್ಲು ಒಂದು ಸಹಿಯ ಕೊರತೆಯಿಂದ ಮೂರು ಸಲ ತಿರುಗಿ ಬಂದದ್ದೂ ಉಂಟು. 47 ಪುಟಗಳ ಎದುರಿಗೆ 5,379 ರೂಪಾಯಿಯ ಚೀಟಿ ನಮ್ಮ ಮೇಜಿಗೆ ಬಂದಿದ್ದರೆ ಅದು ಸಂಜೆಯೊಳಗೆ ಹಿಂದಕ್ಕೆ ಹೋಗುತ್ತಿತ್ತು. ದೊಡ್ಡ ಪತ್ರಿಕೆಯಲ್ಲಿ ಮನೆಯ ಹಿರಿಯರ ವೈಕುಂಠ ಸಮಾರಾಧನೆಯ ಪ್ರಕಟಣೆ ಹಾಕಿಸಿದವರಿಗೆ ಗೊತ್ತು, ಆ ಹಣಕ್ಕೆ ಎಷ್ಟು ಜಾಗ ಸಿಕ್ಕೀತೆಂದು.

ಹಣ ಕೊಟ್ಟಿಲ್ಲವೆಂದು ಅವರು ಹೇಳಿದರು, ಪಡೆದಿಲ್ಲವೆಂದು ಪತ್ರಿಕೆಗಳು ಹೇಳಿದವು. ಹಾಗಾದರೆ ಇನ್ನೂ ಸೋಜಿಗ. ಪುಕ್ಕಟೆಯಾಗಿಯೇ ಮೂವರು ಬಹುಪರಾಕು ಹೇಳಿದರೆ, ಅದೂ ಒಂದೇ ಬಾಯಿಪಾಠದಲ್ಲಿ! ಕಾಸಿಗಾಗಿ ಹೊಗಳಿದವನನ್ನು ಹೊಗಳುಭಟನೆನ್ನಬಹುದು. ಕಾಸಿಲ್ಲದೆ ಒಬ್ಬರ ಬರಹವನ್ನು ಇನ್ನೊಬ್ಬರು ತಮ್ಮ ವರದಿಯೆಂದು ಅಚ್ಚುಹಾಕಿದರೆ ಅದನ್ನು ಏನೆನ್ನಬೇಕೋ ಪತ್ರಿಕೆಗಳೇ ಹೇಳಬೇಕು.

ನಾವು ಕೇಂದ್ರ ಸರಕಾರದ ನೌಕರರು, ಸೇವಾನಿಯಮಗಳಿಗೆ ಬದ್ಧರು. ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಈ ಲೇಖನವಿಲ್ಲ. ಚವಾಣರು 2009ರಲ್ಲಿ ಕಾಂಗ್ರೆಸ್ಸಿನಲ್ಲಿದ್ದರು, 2024ರಲ್ಲಿ ಭಾರತೀಯ ಜನತಾ ಪಕ್ಷ ಸೇರಿದರು. ಎರಡೂ ಇಲ್ಲಿ ಅಪ್ರಸ್ತುತ. ಅವರ ಮೇಲಿನ ದೂರಿನ ಗತಿಯನ್ನೂ ಹೇಳಿಬಿಡುವುದು ನ್ಯಾಯ. ಈ ಲೆಕ್ಕವನ್ನು ಪರಿಶೀಲಿಸಲು ಚುನಾವಣಾ ಆಯೋಗಕ್ಕೆ ಅಧಿಕಾರವಿದೆಯೇ ಎಂಬ ಪ್ರಶ್ನೆಯೇ ದಿಲ್ಲಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮೇ 5ರಂದು ಸುಪ್ರೀಂ ಕೋರ್ಟು ಅಧಿಕಾರವಿದೆಯೆಂದಿತು. ಲೆಕ್ಕ ಕಾನೂನಿನ ರೀತಿಯಲ್ಲಿಲ್ಲವೆಂದು ಆಯೋಗ ಜುಲೈಯಲ್ಲಿ ಹೇಳಿತು. ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆಯೋಗದ ಆದೇಶವನ್ನು ರದ್ದುಮಾಡಿತು. ಅಷ್ಟು ಹೊತ್ತಿಗೆ ಆ ವಿಧಾನಸಭೆಯ ಐದು ವರ್ಷ ಮುಗಿದು ಮುಂದಿನ ಚುನಾವಣೆಯ ಡೋಲು ಬಾರಿಸುತ್ತಿತ್ತು. ಕಾನೂನಿನ ಕಣ್ಣಿನಲ್ಲಿ ಅಭ್ಯರ್ಥಿ ಮುಕ್ತ. ಆಗಲಿ. ನಮ್ಮ ಜಗಳ ಅಭ್ಯರ್ಥಿಯ ಜತೆಗಲ್ಲ, ಪತ್ರಿಕೆಯ ಜತೆಗೆ.

ಏಕೆಂದರೆ ಇಷ್ಟು ದೊಡ್ಡ ಹಗರಣವನ್ನು ಪತ್ರಿಕೆಗಳು ವರದಿ ಮಾಡಿದ ಬಗೆ ನೋಡಿ. ಬರೆದದ್ದು ಚೆನ್ನೈಯ ದಿ ಹಿಂದೂ. ಆಗ ಆ ಪತ್ರಿಕೆಗೆ ಮುಂಬಯಿ ಆವೃತ್ತಿಯೇ ಇರಲಿಲ್ಲ, ಅದು ಬಂದದ್ದು 2015ರಲ್ಲಿ. ಮರಾಠಿ ಪತ್ರಿಕೆಗಳಲ್ಲಿ ನಡೆದ ವ್ಯವಹಾರವನ್ನು ಡೊಂಬಿವಲಿಯ ಮರಾಠಿ ಓದುಗ ಮದರಾಸಿನ ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ ಓದಬೇಕಾಯಿತು! ಹಿಂದಿಯ ಹಿರಿಯ ಸಂಪಾದಕ ಪ್ರಭಾಷ ಜೋಶಿಯವರು ಅದೇ ವರ್ಷದ ಲೋಕಸಭಾ ಚುನಾವಣೆಯಿಂದಲೇ ಈ ದಂಧೆಯ ವಿರುದ್ಧ ಊರೂರು ಅಲೆದು ಮಾತಾಡುತ್ತಿದ್ದರು. 2009ರ ನವೆಂಬರಿನಲ್ಲಿ ತೀರಿಕೊಂಡರು. ಇವರಂಥ ಕೆಲವರನ್ನು ಬಿಟ್ಟರೆ ಉಳಿದವರು ಚಕಾರವೆತ್ತಲಿಲ್ಲ. ಮಂತ್ರಿಯ ಅಳಿಯನಿಗೆ ಪೆಟ್ರೋಲ್ ಪಂಪು ಸಿಕ್ಕರೆ ಎಂಟು ಕಾಲಮು ಬರೆಯುವವರಿಗೆ ಪಕ್ಕದ ಮನೆಯ ಈ ಸುದ್ದಿ ಸುದ್ದಿಯೆನಿಸಲಿಲ್ಲ.

ಭಾರತೀಯ ಪತ್ರಿಕಾ ಮಂಡಳಿಯ ನಡತೆ ಇನ್ನೂ ಸ್ವಾರಸ್ಯಕರ. ಪರಂಜಯ ಗುಹಾ ಠಾಕುರ್ತಾ ಮತ್ತು ಶ್ರೀನಿವಾಸ ರೆಡ್ಡಿ ಎಂಬ ಇಬ್ಬರು ಸದಸ್ಯರ ಉಪಸಮಿತಿಯನ್ನು ಮಂಡಳಿಯೇ ನೇಮಿಸಿತು. ಅವರು ಹಲವು ರಾಜ್ಯಗಳ ಸಾಕ್ಷಿಗಳನ್ನು ಕೇಳಿ 71 ಪುಟಗಳ ವರದಿ ಕೊಟ್ಟರು. ಪತ್ರಿಕೆಗಳ ಹೆಸರು ಹಿಡಿದು ಬರೆದ ವರದಿ ಅದು. 2010ರ ಜುಲೈ 30ರಂದು ಮಂಡಳಿ ಸಭೆ ಸೇರಿ ಹೆಸರುಗಳಿಲ್ಲದ ಚಿಕ್ಕ ವರದಿಯೊಂದನ್ನು ಮಾತ್ರ ಹೊರಡಿಸಲು ನಿರ್ಧರಿಸಿತು. ಸರಕಾರ ವರದಿಯನ್ನು ಮುಚ್ಚಿಟ್ಟರೆ 'ಪ್ರಜಾಪ್ರಭುತ್ವದ ಕಗ್ಗೊಲೆ' ಎಂದು ತಲೆಬರಹ ಕೊಡುವ ವೃತ್ತಿಯವರ ಮಂಡಳಿ ತನ್ನದೇ ವರದಿಯನ್ನು ಮುಚ್ಚಿಟ್ಟಿತು. 2011ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಾಹಿತಿ ಆಯೋಗ ಆಜ್ಞೆ ಮಾಡಿದ ಮೇಲಷ್ಟೇ ಪೂರ್ತಿ ವರದಿ ಹೊರಬಂತು. ಮಾಹಿತಿ ಹಕ್ಕಿನ ಕಾನೂನನ್ನು ಸರಕಾರಿ ಕಚೇರಿಗಳ ಮೇಲೆ ಪ್ರಯೋಗಿಸಿ ಎಂದು ನಮಗೆ ದಿನವೂ ಬೋಧಿಸುವವರ ಮೇಲೆ ಅದೇ ಕಾನೂನನ್ನು ಪ್ರಯೋಗಿಸಬೇಕಾಯಿತು.

ಈ ನಡುವೆ 2010ರ ಅಕ್ಟೋಬರಿನಲ್ಲಿ ಕೊಲಾಬಾದ ಆದರ್ಶ ಸೊಸೈಟಿಯ ಪ್ರಕರಣ ಸ್ಫೋಟಗೊಂಡಿತು. 31 ಮಾಳಿಗೆಯ ಕಟ್ಟಡ. ಮುಖ್ಯಮಂತ್ರಿಯ ಸಂಬಂಧಿಕರಿಗೆ ಅದರಲ್ಲಿ ಫ್ಲ್ಯಾಟುಗಳಿದ್ದವು. ನವೆಂಬರ್ 9ರಂದು ಚವಾಣರು ರಾಜೀನಾಮೆ ಕೊಟ್ಟರು. ಪತ್ರಿಕೆಗಳು ಪುಟಗಟ್ಟಲೆ ಬರೆದವು, ಸರಿಯಾಗಿಯೇ ಬರೆದವು. ಆದರೆ ಕೇವಲ ಹದಿಮೂರು ತಿಂಗಳ ಹಿಂದೆ ಯಾರನ್ನು ಯುಗಪುರುಷನೆಂದು ಬಣ್ಣಿಸಿದ್ದೆವೋ ಅವರೇ ಇವರು ಎಂಬ ಒಂದು ಸಾಲು? ನಮ್ಮ ಬಾಗಿಲಿಗೆ ಬಂದ ಸಂಚಿಕೆಗಳಲ್ಲಿ ಅದು ಕಾಣಲಿಲ್ಲ. ರದ್ದಿಯವನಿಗೆ ಹಾಕಿದ ಪತ್ರಿಕೆಯನ್ನು ಓದುಗ ಮರಳಿ ತೆಗೆದು ನೋಡುವುದಿಲ್ಲವೆಂಬ ಧೈರ್ಯ ಅವರದು. ಆದರ್ಶದ ಮೊಕದ್ದಮೆಗೆ ರಾಜ್ಯಪಾಲರು 2016ರಲ್ಲಿ ಕೊಟ್ಟ ಅನುಮತಿಯನ್ನು 2017ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ರದ್ದುಮಾಡಿತು. ಏರುವಾಗಿನ ಮತ್ತು ಬೀಳುವಾಗಿನ ಎರಡೂ ಗದ್ದಲಗಳನ್ನು ನೆನಪಿಟ್ಟುಕೊಂಡವರಲ್ಲಿ ಈ ಮೂರನೆಯ ಸಂಗತಿ ಗೊತ್ತಿರುವವರು ನಮ್ಮ ಡಬ್ಬಿಯಲ್ಲಿ ಇಬ್ಬರೋ ಮೂವರೋ.

ಕೆಲವರು ಕೇಳುತ್ತಾರೆ: ಜಾಹೀರಾತಿನ ದುಡ್ಡಿನಿಂದಲೇ ಪತ್ರಿಕೆ ನಮಗೆ ಅಗ್ಗವಾಗಿ ಸಿಗುತ್ತದೆ, ಇದರಲ್ಲಿ ತಪ್ಪೇನು? ಜಾಹೀರಾತಿಗೆ ನಮ್ಮ ವಿರೋಧವಿಲ್ಲ. ನಮ್ಮ ಸಂಘಗಳ ಸ್ಮರಣಸಂಚಿಕೆಗಳು ನಡೆಯುವುದೇ ಹೋಟೆಲು ಮಾಲೀಕರ, ಕಿರಾಣಿ ವ್ಯಾಪಾರಿಗಳ, ಸಹಕಾರಿ ಬ್ಯಾಂಕುಗಳ ಪುಟಗಳಿಂದ. ಆದರೆ ಉಡುಪಿ ಕಡೆಯ ಹೋಟೆಲಿನ ಧಣಿ ತನ್ನ ಪುಟದಲ್ಲಿ 'ಶುಭಾಶಯಗಳೊಂದಿಗೆ' ಎಂದು ಹೆಸರು ಹಾಕುತ್ತಾನೆ. ತನ್ನ ಇಡ್ಲಿಯ ಬಗ್ಗೆ 'ನಮ್ಮ ವಿಶೇಷ ಪ್ರತಿನಿಧಿಯಿಂದ' ಎಂದು ವರದಿ ಬರೆಸುವುದಿಲ್ಲ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಗೋಡೆಗೆ ಅಂಟಿಸುವ ಚುನಾವಣಾ ಭಿತ್ತಿಪತ್ರಕ್ಕೂ ಒಂದು ಮರ್ಯಾದೆಯಿದೆ: 1951ರ ಪ್ರಜಾಪ್ರಾತಿನಿಧ್ಯ ಕಾನೂನಿನ 127ಎ ಕಲಮಿನ ಪ್ರಕಾರ ಅದರಲ್ಲಿ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಗೋಡೆಯ ಕಾಗದ ಯಾರದೆಂದು ಹೇಳುತ್ತದೆ. ಮನೆಗೆ ಬರುವ ಪತ್ರಿಕೆಯ ಪುಟ ಹೇಳುವುದಿಲ್ಲ.

ಹೊಗಳಿಕೆ ಇದರ ಒಂದೇ ಮುಖ. ಆ ವರದಿಯಲ್ಲಿ ಬಿಚ್ಚಿಟ್ಟ 'ಪ್ಯಾಕೇಜು' ಪದ್ಧತಿಯಲ್ಲಿ ಇನ್ನೊಂದು ಮುಖವಿದೆ: ದುಡ್ಡು ಕೊಡದವನ ಸುದ್ದಿ ಬರುವುದಿಲ್ಲ. ಅವನು ಸಭೆ ಮಾಡಿದರೂ ಮಾಡಿಲ್ಲ, ನಿಂತಿದ್ದರೂ ನಿಂತಿಲ್ಲ. ನಾಳೆ ನಮ್ಮ ನಡುವಿನ ಒಬ್ಬ ಶಾಲಾ ಮಾಸ್ತರನೋ ಒಬ್ಬ ತಾಯಿಯೋ ಮಹಾನಗರಪಾಲಿಕೆಯ ಒಂದು ವಾರ್ಡಿಗೆ ನಿಲ್ಲಬೇಕೆಂದುಕೊಳ್ಳಿ. ನಲ್ಲಿಯ ನೀರು, ರಸ್ತೆಯ ಹೊಂಡ, ಕನ್ನಡ ಶಾಲೆಗೆ ಮಕ್ಕಳು ದಾಟುವ ಹಳಿ, ಇವರು ಹೇಳುವ ಮಾತು ಇಷ್ಟೇ. ಅದು ಅಚ್ಚಾಗಬೇಕಾದರೆ ದರಪಟ್ಟಿ ತೋರಿಸಿದರೆ? ಮುಖ್ಯಮಂತ್ರಿಗಳಾದವರು ಹೇಗೋ ತಡೆದುಕೊಳ್ಳುತ್ತಾರೆ, ಹೊಗಳಿಸಿಕೊಂಡರೂ ಬೈಸಿಕೊಂಡರೂ ಅವರಿಗೆ ಜಾಗವುಂಟು. ಪರಸ್ಥಳದಿಂದ ಬಂದು ಎರಡನೆಯ ಭಾಷೆಯಲ್ಲಿ ಪತ್ರಿಕೆ ಓದಿ, ಬರೆದದ್ದೆಲ್ಲ ನಿಜವೆಂದು ನಂಬಿ ಮತ ಹಾಕುವ ನಮ್ಮಂಥವರಿಗೇ ಇದರ ಪೆಟ್ಟು ಹೆಚ್ಚು. ಊರಿನಲ್ಲಾದರೆ ಅಭ್ಯರ್ಥಿಯ ಅಜ್ಜನ ಕಾಲದಿಂದ ಗೊತ್ತಿರುತ್ತದೆ.

ಶಿಕ್ಷೆಯಾದದ್ದು ಇಲ್ಲವೆಂದಲ್ಲ. ಉತ್ತರಪ್ರದೇಶದ ಬಿಸೌಲಿಯ ಶಾಸಕಿ ಉಮಲೇಶ ಯಾದವರನ್ನು ಇಂಥದೇ ಸುದ್ದಿಯ ಖರ್ಚು ತೋರಿಸಲಿಲ್ಲವೆಂದು ಆಯೋಗ 2011ರ ಅಕ್ಟೋಬರಿನಲ್ಲಿ ಮೂರು ವರ್ಷ ಅನರ್ಹಗೊಳಿಸಿತು. ಕೊಂಡವರಿಗೆ ಶಿಕ್ಷೆ, ಮಾರಿದವರಿಗೆ? 1978ರ ಕಾನೂನಿನ ಪ್ರಕಾರ ಪತ್ರಿಕಾ ಮಂಡಳಿ ಪತ್ರಿಕೆಗೆ ಛೀಮಾರಿ ಹಾಕಬಹುದು, ಅದಕ್ಕಿಂತ ಹೆಚ್ಚು ಏನೂ ಮಾಡಲಾರದು. ಕಾಸು ಕೊಟ್ಟು ಸುದ್ದಿ ಮಾಡಿಸುವುದನ್ನು ಚುನಾವಣಾ ಭ್ರಷ್ಟಾಚಾರವೆಂದೇ ಕಾನೂನಿನಲ್ಲಿ ಸೇರಿಸಬೇಕೆಂದು ಕಾನೂನು ಆಯೋಗ 2015ರ ಮಾರ್ಚಿನಲ್ಲಿ, ತನ್ನ 255ನೆಯ ವರದಿಯಲ್ಲಿ, ಶಿಫಾರಸು ಮಾಡಿತು. ಅದರ ಬಗ್ಗೆ ಅಗ್ರಲೇಖನ ಬರೆದು ಒತ್ತಾಯಿಸಬೇಕಾದವರು ಯಾರೆಂದು ವಾಚಕರಿಗೆ ಬಿಡಿಸಿ ಹೇಳಬೇಕೆ?

ನಮ್ಮ ಕೈಯಲ್ಲಿ ಆಗುವ ಕೆಲಸವೂ ಒಂದಿದೆ. ಚುನಾವಣೆಯ ಕಾಲದಲ್ಲಿ ಜಿಲ್ಲೆಗೊಂದು ಮಾಧ್ಯಮ ಪರಿಶೀಲನಾ ಸಮಿತಿ ಇರುತ್ತದೆ. ಸುದ್ದಿಯ ವೇಷದ ಜಾಹೀರಾತಿನ ಬಗ್ಗೆ ಯಾವ ಮತದಾರನೂ ಅಲ್ಲಿಗೆ ದೂರು ಕೊಡಬಹುದು. ಠಾಣೆ ಜಿಲ್ಲೆಗೆ ಅದು ಠಾಣೆಯ ಜಿಲ್ಲಾಧಿಕಾರಿಗಳ ಕೆಳಗಿದೆ. ನವಿ ಮುಂಬಯಿಯಲ್ಲಿ ಐರೋಲಿ, ಬೇಲಾಪುರದವರಿಗೂ ಅದೇ, ಪನವೇಲ ಕಡೆಯವರಿಗೆ ಮಾತ್ರ ರಾಯಗಡ. ನಮ್ಮ ಸಂಘಗಳ ವಾಚನಾಲಯಗಳಿಗೆ ಮರಾಠಿ, ಇಂಗ್ಲಿಷ್, ಕನ್ನಡ ದಿನಪತ್ರಿಕೆಗಳು ಬರುತ್ತವೆ; ಓದಿದ ಮೇಲೆ ತಿಂಗಳ ಕೊನೆಗೆ ರದ್ದಿಗೆ ಹೋಗುತ್ತವೆ. ಮುಂದಿನ ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಅವನ್ನು ರದ್ದಿಗೆ ಹಾಕದೆ ಜೋಡಿಸಿಡಬೇಕೆಂದು ಕಾರ್ಯಕಾರಿ ಸಮಿತಿಗಳಿಗೆ ನಮ್ಮ ಸೂಚನೆ. ಬರೆದವನ ಹೆಸರಿಲ್ಲದ, ಎದುರಾಳಿಯ ಒಂದು ಮಾತೂ ಇಲ್ಲದ ಪುಟ ಕಂಡರೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಇನ್ನೆರಡು ಪತ್ರಿಕೆಗಳ ಅದೇ ವಾರದ ಪುಟಗಳೊಂದಿಗೆ ತಾಳೆ ನೋಡಬೇಕು. ಒಂದೇ ವಾಕ್ಯ ಎರಡು ಕಡೆ ಕಂಡರೆ ಎರಡನ್ನೂ ಕತ್ತರಿಸಿ, ಪತ್ರಿಕೆಯ ಹೆಸರು, ತಾರೀಕು, ಪುಟಸಂಖ್ಯೆ ಬರೆದು ಸಮಿತಿಗೆ ಅಂಚೆಯಲ್ಲಿ ಕಳಿಸಬೇಕು. ನಕಲು ಪತ್ರಿಕಾ ಮಂಡಳಿಗೆ, ಇನ್ನೊಂದು ನಕಲು ಆ ಪತ್ರಿಕೆಯ ಸಂಪಾದಕರಿಗೆ. ನಿವೃತ್ತರಾದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕಡತ ಇಡುವುದು ಅವರಿಗೆ ಕರತಲಾಮಲಕ. ಅಂಚೆ ವೆಚ್ಚದ ರಸೀದಿಗಳನ್ನು ಮಾತ್ರ ಜೋಪಾನವಾಗಿ ಇಡಬೇಕು.